ಖುಷ್ಕಿ, ತರಿ, ಬಾಗಾಯ್ತು, ಪ್ಲಾಟು

ಪಹಣಿ ಪತ್ರಿಕೆಯನ್ನು ಕೈಯಲ್ಲಿ ಹಿಡಿದವರಿಗೆಲ್ಲ ಮೂರು ಪದಗಳು ಪರಿಚಿತ: ಖುಷ್ಕಿ, ತರಿ, ಬಾಗಾಯ್ತು. ಮಳೆಯನ್ನೇ ನಂಬಿದ ಹೊಲ ಖುಷ್ಕಿ. ಕೆರೆಯ ಅಥವಾ ಕಾಲುವೆಯ ನೀರು ಹರಿಯುವ ಗದ್ದೆ ತರಿ. ಬಾವಿಯ ಆಸರೆಯಲ್ಲಿ ನಿಂಬೆ, ಬಾಳೆ, ಎಲೆಬಳ್ಳಿ, ಕಾಯಿಪಲ್ಲೆ ಬೆಳೆಯುವ ತೋಟ ಬಾಗಾಯ್ತು. ಮೂರೂ ಪಾರ್ಸಿಯಿಂದ ಬಂದ ಪದಗಳು. ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ಹಸಿಯಾದದ್ದು, ಬಾಗ್ ಎಂದರೆ ತೋಟ. ಉರ್ದು ಶಾಲೆಯಲ್ಲಿ ಓದಿದ ನನ್ನಂಥವನಿಗೆ ಇವುಗಳ ಅರ್ಥ ತಿಳಿಯಲು ನಿಘಂಟು ಬೇಕಾಗಲಿಲ್ಲ. ಉರ್ದು ಒಂದಕ್ಷರ ಬಾರದ ನಮ್ಮ ಭಾಗದ ರೈತನಿಗೂ ಬೇಕಾಗಲಿಲ್ಲ. ಅವನ ಪಾಲಿಗೆ ಇವು ಜೋಳ, ನೇಗಿಲು, ಕುಂಟೆ ಇದ್ದಷ್ಟೇ ಕನ್ನಡ.

ಈಗ ಈ ಮೂರರ ಜೊತೆಗೆ ನಾಲ್ಕನೆಯ ಪದವೊಂದು ಸೇರಿದೆ. ಅದು ಪ್ಲಾಟು. ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ, ಊರು ಮುಗಿದು ಹೊಲ ಶುರುವಾಗಬೇಕಾದ ಜಾಗದಲ್ಲಿ ಬಿಳಿ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಅಲ್ಲೊಂದು ಕಮಾನು, ಕಮಾನಿನ ಮೇಲೆ ಬಡಾವಣೆಯ ಹೆಸರು. ಆ ಹೆಸರಿನಲ್ಲಿ ಬಹಳ ಸಲ ‘ಗಾರ್ಡನ್’, ‘ವನ’ ಎಂಬ ಮಾತು ಇರುತ್ತದೆ. ಗಿಡ ಮಾತ್ರ ಇರುವುದಿಲ್ಲ.

ಈ ಬದಲಾವಣೆಯನ್ನು ಕೇವಲ ಇಂದಿನ ಹಣದ ಆಸೆಯೆಂದು ಬೈದು ಮುಗಿಸುವುದು ಸುಲಭ. ಆದರೆ ನಮ್ಮ ಸೀಮೆಯಲ್ಲಿ ಭೂಮಿಯ ಹೆಸರು ಬದಲಾದದ್ದು ಇದೇ ಮೊದಲಲ್ಲ. ಕಳೆದ ನೂರೈವತ್ತು ವರ್ಷಗಳಲ್ಲಿ ಅದು ಮತ್ತೆ ಮತ್ತೆ ಬದಲಾಗಿದೆ. ಪ್ರತಿ ಸಲವೂ ತೀರ್ಮಾನ ದಫ್ತರದಲ್ಲಿ ಆಗಿದೆ. ಪ್ರತಿ ಸಲವೂ ಆ ತೀರ್ಮಾನ ಯಾರಿಗೆ ಮೊದಲು ತಿಳಿಯಿತೋ ಅವರು ಗೆದ್ದಿದ್ದಾರೆ, ಯಾರಿಗೆ ಕೊನೆಗೆ ತಿಳಿಯಿತೋ ಅವರು ಭೂಮಿ ಕಳೆದುಕೊಂಡಿದ್ದಾರೆ. ಈ ಲೇಖನ ಹೇಳಬೇಕೆಂದಿರುವುದು ಇಷ್ಟೇ.

ಎರಡು ನದಿಗಳ ನಡುವಿನ ಒಣ ಭೂಮಿ

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಪ್ರದೇಶವನ್ನು ಚರಿತ್ರೆಯಲ್ಲಿ ರಾಯಚೂರು ದೋಆಬ್ ಎನ್ನುತ್ತಾರೆ. ದೋ ಆಬ್ ಎಂದರೆ ಎರಡು ನೀರು. ಇದಕ್ಕಾಗಿ ವಿಜಯನಗರದವರು ಮೊದಲು ಬಹಮನಿಗಳೊಡನೆ, ಆಮೇಲೆ ಬಿಜಾಪುರದವರೊಡನೆ ಕಾದಾಡಿದರು. 1520ರ ರಾಯಚೂರು ಯುದ್ಧವನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಎರಡು ನದಿಗಳು ಎಡಬಲದಲ್ಲಿ ಹರಿದರೂ ನಡುವಿನ ಭೂಮಿ ಮಾತ್ರ ಒಣಗಿಯೇ ಇತ್ತು. ಎರೆ ಮಣ್ಣಿನಲ್ಲಿ ಬಿಳಿಜೋಳ, ಹತ್ತಿ, ಕಡಲೆ, ಮಸಾರಿ ಮಣ್ಣಿನಲ್ಲಿ ಸಜ್ಜೆ. ಮಳೆ ಬಂದರೆ ಬೆಳೆ, ಇಲ್ಲವಾದರೆ ಗುಳೆ. 1876ರಿಂದ 1878ರವರೆಗಿನ ಭೀಕರ ಬರ ಈ ಭಾಗವನ್ನೂ ಬಿಡಲಿಲ್ಲ.

1853ರಲ್ಲಿ ಹೈದರಾಬಾದಿನ ನಿಜಾಮರು ಕಂಪನಿ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದಂತೆ ಬೀರಾರಿನ ಜೊತೆಗೆ ಈ ದೋಆಬ್ ಕೂಡ ಇಂಗ್ಲಿಷರ ವಶಕ್ಕೆ ಹೋಯಿತು. ನಿಜಾಮರ ಖರ್ಚಿನಲ್ಲಿ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗೆ ಇದ್ದ ‘ಹೈದರಾಬಾದ್ ಕಾಂಟಿಂಜೆಂಟ್’ ಸೈನ್ಯದ ಸಂಬಳದ ಬಾಕಿಯೇ ಇದಕ್ಕೆ ಕಾರಣ. 1860ರಲ್ಲಿ ದೋಆಬ್ ನಿಜಾಮರಿಗೆ ಮರಳಿ ಬಂತು. ಮುಂದೆ ದಿವಾನ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ವ್ಯವಸ್ಥೆ ಜಾರಿಗೆ ತಂದಾಗ ಜಿಲ್ಲೆ, ತಾಲೂಕು, ತಹಶೀಲ್ದಾರರ ಕಚೇರಿಗಳು ಈಗ ನಾವು ಕಾಣುವ ರೂಪಕ್ಕೆ ಬಂದವು. ಲಿಂಗಸುಗೂರು ಆಗ ಒಂದು ಜಿಲ್ಲೆಯ ಕೇಂದ್ರ. 1905ರಲ್ಲಿ ಆ ಜಿಲ್ಲೆಯನ್ನು ರದ್ದು ಮಾಡಿ ರಾಯಚೂರಿಗೆ ಸೇರಿಸಲಾಯಿತು.

ಈ ದಫ್ತರಗಳ ಭಾಷೆ ಮೊದಲು ಪಾರ್ಸಿ, ಅನಂತರ ಉರ್ದು. ವರ್ಷದ ಲೆಕ್ಕ ಫಸಲಿಯಲ್ಲಿ. ಹೈದರಾಬಾದಿನ ಭೂಕಂದಾಯ ಕಾಯ್ದೆಯನ್ನು ಇಂದಿಗೂ 1317 ಫಸಲಿಯ ಕಾಯ್ದೆ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 1907ನೇ ಇಸವಿ. ಪ್ರತಿ ಸರ್ವೆ ನಂಬರಿನ ಎದುರು ಅದು ಖುಷ್ಕಿಯೋ, ತರಿಯೋ, ಬಾಗಾಯತೋ ಎಂದು ಬರೆಯುವುದು ಸಣ್ಣ ಕೆಲಸವಾಗಿರಲಿಲ್ಲ. ಆ ಒಂದು ಪದದ ಮೇಲೆ ರೈತ ಕಟ್ಟಬೇಕಾದ ತೀರುವೆ ನಿಂತಿತ್ತು. ತರಿಯ ದರ ಖುಷ್ಕಿಯ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸರ್ಕಾರಕ್ಕೆ ಭೂಮಿಯ ಹೆಸರೆಂದರೆ ಖಜಾನೆಗೆ ಬರುವ ಹಣದ ಹೆಸರು. ಅಲ್ಲಿ ಯಾರು ಏನನ್ನು ತಿಂದು ಬದುಕುತ್ತಾರೆ ಎಂಬುದು ಆ ಕಾಲಮಿನ ಪ್ರಶ್ನೆಯಾಗಿರಲಿಲ್ಲ. ಈ ಮಾತು ಮುಂದೆಯೂ ಬರಲಿದೆ. ಇಂದಿನ ಭೂಪರಿವರ್ತನೆಯ ಕಾನೂನಿನ ಬೇರು ಕೂಡ ಇಂಥ ಲೆಕ್ಕದಲ್ಲೇ ಇದೆ.

ವಾಸಕ್ಕೆಂದು ಅಳತೆ ಮಾಡಿ, ನಕ್ಷೆ ಹಾಕಿ ಕಟ್ಟಿದ ಹಳೆಯ ಬಡಾವಣೆಯನ್ನು ಹುಡುಕಿದರೆ ಲಿಂಗಸುಗೂರಿನ ಛಾವಣಿಗೆ ಬಂದು ನಿಲ್ಲುತ್ತೇವೆ. ಹಳೆಯ ಊರು ಕಸಬಾ ಲಿಂಗಸುಗೂರು. ಅದರಿಂದ ದೂರಕ್ಕೆ ಕಾಂಟಿಂಜೆಂಟ್ ಸೈನ್ಯಕ್ಕಾಗಿ ಎದ್ದದ್ದು ಲಿಂಗಸುಗೂರು ಛಾವಣಿ. ಎಲ್ಲ ಛಾವಣಿಗಳ ರೀತಿ ಒಂದೇ: ನೇರವಾದ ರಸ್ತೆ, ಅಧಿಕಾರಿಗೊಂದು ಬಂಗಲೆ, ಬಂಗಲೆಯ ಸುತ್ತ ವಿಶಾಲವಾದ ಆವರಣ, ಅದರಲ್ಲೊಂದು ಬಾವಿ, ತೋಟ ನೋಡಲು ಮಾಲಿ. ಸಿಪಾಯಿಗಳ ಸಾಲುಮನೆಗಳು ಬೇರೆ, ಸದರ್ ಬಜಾರ್ ಬೇರೆ. ಮನೆಯ ಸುತ್ತ ತೋಟ ಇರಬೇಕೆಂಬ ಕಲ್ಪನೆ ನಮ್ಮ ಊರುಗಳಿಗೆ ಬಂದದ್ದು ಹೀಗೆ. ಅದು ಆಳುವವರಿಗೆ ಮಾತ್ರ ಮೀಸಲಾಗಿತ್ತು. 1903ರಲ್ಲಿ ಆ ಸೈನ್ಯ ಭಾರತೀಯ ಸೈನ್ಯದಲ್ಲಿ ವಿಲೀನವಾಯಿತು. ಛಾವಣಿ ಎಂಬ ಹೆಸರು ಊರಿಗೆ ಉಳಿಯಿತು.

ಕಾಲುವೆ ಬಂದಾಗ

ದೋಆಬಿನ ಚರಿತ್ರೆಯಲ್ಲಿ ದೊಡ್ಡ ತಿರುವು ತುಂಗಭದ್ರಾ ಅಣೆಕಟ್ಟು. 1945ರ ಫೆಬ್ರವರಿ 28ರಂದು ಒಂದು ದಂಡೆಯಲ್ಲಿ ಹೈದರಾಬಾದಿನ ಬೀರಾರ್ ರಾಜಕುಮಾರ, ಇನ್ನೊಂದು ದಂಡೆಯಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪ್ ಅಡಿಗಲ್ಲಿಟ್ಟರು. ಕೆಲಸ ನಡೆಯುತ್ತಿರುವಾಗಲೇ 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1953ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟರು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಹೀಗೆ ಒಂದು ಸರ್ಕಾರ ಅಡಿಗಲ್ಲಿಟ್ಟ ಎಡದಂಡೆ ಕಾಲುವೆಯನ್ನು ಮತ್ತೊಂದು ಸರ್ಕಾರ ಮುಂದುವರಿಸಿ, ಮೂರನೆಯದು ಪೂರ್ತಿ ಮಾಡಿತು. ಸುಮಾರು 227 ಕಿಲೋಮೀಟರ್ ಉದ್ದದ ಈ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ ಹೋಗುತ್ತದೆ. ಅಚ್ಚುಕಟ್ಟು ಸುಮಾರು ಆರು ಲಕ್ಷ ಎಕರೆ.

ಈ ಕಾಲುವೆಯನ್ನು ಭತ್ತಕ್ಕಾಗಿ ತೋಡಿದ್ದಲ್ಲ ಎಂಬುದು ಇಂದು ಎಷ್ಟೋ ಜನರಿಗೆ ಆಶ್ಚರ್ಯವೆನಿಸಬಹುದು. ಬರಗಾಲದ ಸೀಮೆಯ ಹೆಚ್ಚು ಊರುಗಳಿಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾ ಉಳಿಸಿಕೊಳ್ಳಬೇಕೆಂಬುದು ಮೂಲ ಯೋಜನೆ. ಅದಕ್ಕಾಗಿ ಸರ್ಕಾರ ಪ್ರತಿ ಸರ್ವೆ ನಂಬರಿಗೂ ಇಂಥದೇ ಬೆಳೆ ಎಂದು ಗೊತ್ತುಪಡಿಸಿತು. ಹೆಚ್ಚಿನ ಭೂಮಿಗೆ ಅರೆ ನೀರಾವರಿ, ಭತ್ತಕ್ಕೆ ಸಣ್ಣ ಪಾಲು, ತೋಟ ಮತ್ತು ಕಬ್ಬಿಗೆ ಇನ್ನೂ ಸಣ್ಣ ಪಾಲು. ಅಧಿಕಾರಿಗಳು ಇದನ್ನು ‘ಲೋಕಲೈಜೇಷನ್’ ಎಂದರು. ನಮ್ಮ ಭಾಗದಲ್ಲಿ ನಡೆದ ಭೂಬಳಕೆ ಯೋಜನೆಗಳಲ್ಲಿ ಇಷ್ಟು ದೊಡ್ಡದು ಇನ್ನೊಂದಿಲ್ಲ.

ಅದು ಕಾಗದದಲ್ಲೇ ಉಳಿಯಿತು. ಕಾಲುವೆ ನೀರಿನ ಬೆಲೆ ಗೊತ್ತಿದ್ದವರು ಕರಾವಳಿ ಆಂಧ್ರದ ಡೆಲ್ಟಾ ರೈತರು. ಅವರು ತಲೆಮಾರುಗಳಿಂದ ಗೋದಾವರಿ, ಕೃಷ್ಣೆಯ ಕಾಲುವೆಗಳಲ್ಲಿ ಭತ್ತ ಬೆಳೆದವರು. ಅಲ್ಲಿ ಒಂದು ಎಕರೆ ಮಾರಿ ಇಲ್ಲಿ ಹಲವು ಎಕರೆ ಕೊಂಡು ಬಂದರು. ಇಲ್ಲಿಯ ರೈತನಿಗೆ ಎರೆ ಭೂಮಿಗೆ ನೀರು ಬಿಟ್ಟರೆ ಏನಾಗುತ್ತದೆಂದು ತಿಳಿಯದು. ಭೂಮಿ ಕೆಡುತ್ತದೆಂಬ ಹೆದರಿಕೆ, ಸಮತಟ್ಟು ಮಾಡಲು ಕೈಯಲ್ಲಿ ಹಣವಿಲ್ಲ, ಮೇಲೆ ಸಾಲ. ಖುಷ್ಕಿಯ ಬೆಲೆಗೆ ಮಾರಿದ. ಕೊಂಡವರು ತರಿ ಮಾಡಿಕೊಂಡರು. ಕಾಲುವೆಯ ಉದ್ದಕ್ಕೂ ‘ಕ್ಯಾಂಪು’ಗಳು ಹುಟ್ಟಿದವು. ಕೊಂಡವರು ಕಳ್ಳರಲ್ಲ, ಬಹಳ ಕಷ್ಟಪಟ್ಟು ದುಡಿದವರು. ಸಿಂಧನೂರು ಭತ್ತದ ಕಣಜವಾದದ್ದರಲ್ಲಿ ಅವರ ಬೆವರಿದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರಿನ ಸುತ್ತ ಸರ್ಕಾರ ಭೂಮಿ ಕೊಟ್ಟಿತು. ಆರ್.ಎಚ್. ಕ್ಯಾಂಪುಗಳೆಂದು ಅವು ಇಂದಿಗೂ ಹೆಸರಾಗಿವೆ. ಬಂದವರೆಲ್ಲ ಈಗ ಇಲ್ಲಿಯವರೇ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನೀರು ಬಂದ ಮೇಲೆ ತನ್ನ ಹೊಲದ ಬೆಲೆ ಏನಾಗುತ್ತದೆಂದು ಸ್ಥಳೀಯ ರೈತನಿಗೆ ಯಾರಾದರೂ ಕೂತು ತಿಳಿಹೇಳಿದ್ದರೆ, ಅವನು ಆ ಬೆಲೆಗೆ ಮಾರುತ್ತಿದ್ದನೇ?

ಕಾಲುವೆಯ ಮೇಲುಭಾಗದಲ್ಲಿ ಎರಡು ಬೆಳೆ ಭತ್ತ ನಿಂತ ಮೇಲೆ ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದು ಕಷ್ಟವಾಯಿತು. ಮಾನ್ವಿ, ರಾಯಚೂರಿನ ಕೊನೆ ಭಾಗದವರು ಅಂದಿನಿಂದ ಇಂದಿನವರೆಗೆ ಗೇಜು ಅಳೆಯಿರಿ, ನೀರು ಕೊಡಿ ಎಂದು ರಸ್ತೆಗೆ ಇಳಿಯುತ್ತಲೇ ಇದ್ದಾರೆ. ನೀರು ಹೆಚ್ಚಾದ ಕಡೆ ಸವಳು-ಜವಳು ಬಂತು. ಯೋಜನೆ ತಪ್ಪಿದ್ದಕ್ಕೆ ದಂಡ ತೆತ್ತವರು ಯೋಜನೆ ಮುರಿದವರಲ್ಲ.

ಶಿಕ್ಮಿದಾರ ಎಲ್ಲಿ ಹೋದ?

ನಿಜಾಮರ ಕಾಲದ ದಫ್ತರದಲ್ಲಿ ‘ಶಿಕ್ಮಿ’ ಎಂಬ ಇನ್ನೊಂದು ಪದವಿತ್ತು. ಶಿಕಮ್ ಎಂದರೆ ಹೊಟ್ಟೆ. ಪಟ್ಟಾದಾರನ ಹೊಟ್ಟೆಯೊಳಗೆ ಅಡಗಿದವನು, ಅಂದರೆ ಅವನ ಕೈಕೆಳಗೆ ಉಳುವವನು ಶಿಕ್ಮಿದಾರ. ಅವನಿಗೆ ಸ್ವಲ್ಪವಾದರೂ ರಕ್ಷಣೆ ಕೊಡಲು ಅಸಾಮಿ ಶಿಕ್ಮಿ ಕಾಯ್ದೆ ಬಂತು. 1949ರಲ್ಲಿ ಜಹಗೀರುಗಳು ರದ್ದಾದವು. 1950ರ ಹೈದರಾಬಾದ್ ಗೇಣಿ ಕಾಯ್ದೆ ರಕ್ಷಿತ ಗೇಣಿದಾರರನ್ನು ಗುರುತಿಸಿತು. ಕೊನೆಗೆ 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಉಳುವವನೇ ಹೊಲದೊಡೆಯ ಎಂದಾಯಿತು.

ಕರ್ನಾಟಕದ ಚರಿತ್ರೆಯಲ್ಲಿ ಅದು ದೊಡ್ಡ ಹೆಜ್ಜೆ. ಆದರೆ ಅದರ ಲಾಭ ಪಡೆಯಲು 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಕೊನೆಯ ದಿನವನ್ನು ಮುಂದಕ್ಕೆ ಹಾಕುತ್ತ ಹೋಗಿ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಓದು ಬಂದವರು, ಸಂಘಟನೆ ಇದ್ದವರು, ಕಚೇರಿಯ ಬಾಗಿಲು ಗೊತ್ತಿದ್ದವರು ಅರ್ಜಿ ಹಾಕಿದರು. ಒಡೆಯನ ಎದುರು ಅರ್ಜಿ ಹಾಕುವ ಧೈರ್ಯವಿಲ್ಲದವನು, ಅಂಥದೊಂದು ನಮೂನೆ ಇದೆಯೆಂದೇ ತಿಳಿಯದವನು ಹಾಗೆಯೇ ಉಳಿದ. ಕಾಯ್ದೆ ಇದ್ದರೆ ಸಾಲದು, ಕಾಯ್ದೆಯ ಸುದ್ದಿಯೂ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇಂದೂ ಸಿಂಧನೂರು ಕಡೆ ಬೇರೆಯವರ ಗದ್ದೆಯನ್ನು ಪಾಲಿಗೆ, ಲೀಜಿಗೆ ಮಾಡುವವರು ಕಡಿಮೆಯಿಲ್ಲ. ಗೇಣಿ ಕಾನೂನಿನಲ್ಲಿ ಇಲ್ಲದ್ದರಿಂದ ಅವರ ಹೆಸರು ಪಹಣಿಯಲ್ಲಿಯೂ ಇರುವುದಿಲ್ಲ. 12ನೇ ಕಾಲಮಿನಲ್ಲಿ ಸಾಗುವಳಿದಾರ ಎಂಬ ಜಾಗವಿದೆ, ಅಲ್ಲಿ ‘ಸ್ವಂತ’ ಎಂದು ಬರೆದಿರುತ್ತದೆ. ಶಿಕ್ಮಿದಾರ ಪಟ್ಟಾದಾರನ ಹೊಟ್ಟೆಯಿಂದ ಹೊರಬಂದು ಮತ್ತೆ ಒಳಗೇ ಹೋಗಿದ್ದಾನೆ.

ಎನ್.ಎ. ಆದ ಮೇಲೆ

ಈಗ ನಾಲ್ಕನೆಯ ಪದಕ್ಕೆ ಬರೋಣ. ಕೃಷಿ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ನಮ್ಮಲ್ಲಿ ಇದನ್ನು ‘ಎನ್.ಎ. ಮಾಡಿಸುವುದು’ ಎನ್ನುತ್ತಾರೆ. 1964ರ ಏಪ್ರಿಲ್ 1ರಂದು ಜಾರಿಗೆ ಬಂದ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಇದನ್ನು ಹೇಳುತ್ತದೆ. ಈ ಬಗೆಯ ಕಲಂ ಮುಂಬಯಿ ಪ್ರಾಂತ್ಯದ 1879ರ ಭೂಕಂದಾಯ ಸಂಹಿತೆಯಲ್ಲಿಯೇ ಇತ್ತು. ಹೊಲಕ್ಕೊಂದು ತೀರುವೆ, ಮನೆಗೊಂದು ತೀರುವೆ, ಎರಡರ ನಡುವಿನ ವ್ಯತ್ಯಾಸ ಸರ್ಕಾರಕ್ಕೆ ತಪ್ಪಬಾರದು ಎಂಬುದು ಅದರ ಮೂಲ ಆಸಕ್ತಿ. ಈ ಗದ್ದೆ ಹೋದರೆ ಎಷ್ಟು ಚೀಲ ಭತ್ತ ಹೋಗುತ್ತದೆ, ಎಷ್ಟು ಜನ ನಾಟಿ ಮಾಡುವವರ ಕೂಲಿ ಹೋಗುತ್ತದೆ, ಹೊಲಗಾಲುವೆ ಮುಚ್ಚಿದರೆ ಪಕ್ಕದವನ ಗತಿಯೇನು ಎಂಬ ಪ್ರಶ್ನೆಗಳು ಅದರ ಹುಟ್ಟಿನಲ್ಲಿ ಇರಲಿಲ್ಲ.

ಆ ಪ್ರಶ್ನೆಗಳನ್ನು ಕೇಳಬೇಕಾದದ್ದು ಇನ್ನೊಂದು ಕಾಯ್ದೆ: 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಯೋಜನಾ ಪ್ರಾಧಿಕಾರ ಇರುವ ಊರಿಗೆ ಒಂದು ಮಹಾಯೋಜನೆ ಇರಬೇಕು. ಅದರ ನಕ್ಷೆಯಲ್ಲಿ ವಾಸಕ್ಕೆ, ವ್ಯಾಪಾರಕ್ಕೆ, ಉದ್ಯಾನಕ್ಕೆ, ಕೃಷಿಗೆ ಬೇರೆ ಬೇರೆ ಬಣ್ಣ. ನಕ್ಷೆ ಒಪ್ಪಿಗೆಯಾಗುವ ಮೊದಲು ಜನರ ಆಕ್ಷೇಪಣೆ ಕೇಳಬೇಕು. ಕೃಷಿಯೆಂದು ಗುರುತಿಸಿದ ಜಾಗವನ್ನು ಮುಂದೆ ವಾಸಕ್ಕೆ ಬದಲಿಸಬೇಕಾದರೂ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಆಹ್ವಾನಿಸಬೇಕು. ಪರಿವರ್ತನೆಯ ಆದೇಶವಾದ ಮೇಲೆ ಬಡಾವಣೆಯ ನಕ್ಷೆಗೆ ಬೇರೆಯೇ ಮಂಜೂರಾತಿ ಪಡೆಯಬೇಕು. ರಸ್ತೆ, ಚರಂಡಿ, ನೀರು, ದೀಪ ಮಾಡಿಸಬೇಕು. ಉದ್ಯಾನಕ್ಕೂ ಸಾರ್ವಜನಿಕ ಉಪಯೋಗಕ್ಕೂ ಬಿಟ್ಟ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಹೀಗೆ ಬಿಟ್ಟ ಜಾಗವೇ ಪ್ಲಾಟುಗಳ ಕಾಲದ ಬಾಗಾಯ್ತು. ಅದನ್ನು ಉಳಿಸಲೆಂದೇ 1985ರಲ್ಲಿ ಉದ್ಯಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯನ್ನೂ ಮಾಡಲಾಗಿದೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯೆಂದರೆ 40 ಗುಂಟೆ, 43,560 ಚದರ ಅಡಿ. ನಿಯಮದ ಪ್ರಕಾರ ರಸ್ತೆ, ಉದ್ಯಾನಕ್ಕೆ ಬಿಟ್ಟು ಸುಮಾರು ಅರ್ಧದಷ್ಟು ಜಾಗ ನಿವೇಶನಕ್ಕೆ ಉಳಿದರೆ, 30x40 ಅಳತೆಯ 18 ಪ್ಲಾಟುಗಳಾಗುತ್ತವೆ. ಉದ್ಯಾನವನ್ನು ನುಂಗಿ, ರಸ್ತೆಯನ್ನು ಕಿರಿದು ಮಾಡಿ ಮುಕ್ಕಾಲು ಪಾಲು ಮಾರಿದರೆ 27 ಆಗುತ್ತವೆ. ಈ 9 ಪ್ಲಾಟುಗಳ ವ್ಯತ್ಯಾಸದಲ್ಲಿ ಅನಧಿಕೃತ ಬಡಾವಣೆಗಳ ಇಡೀ ಅರ್ಥಶಾಸ್ತ್ರ ಅಡಗಿದೆ. ಆ 9 ಪ್ಲಾಟುಗಳು ನಿಂತಿರುವುದು ಮಕ್ಕಳು ಆಡಬೇಕಿದ್ದ ಜಾಗದ ಮೇಲೆ, ಮಳೆನೀರು ಹರಿಯಬೇಕಿದ್ದ ಚರಂಡಿಯ ಮೇಲೆ.

ಅಂಥ ಪ್ಲಾಟುಗಳನ್ನು ಕೊಳ್ಳುವವರು ಯಾರು? ಬಹುಮಟ್ಟಿಗೆ ಬಡವರು, ಕೆಳ ಮಧ್ಯಮ ವರ್ಗದವರು. ಹಮಾಲರು, ಗ್ಯಾರೇಜಿನವರು, ಹಣ್ಣಿನ ಬಂಡಿಯವರು, ಹಳ್ಳಿ ಬಿಟ್ಟು ಪೇಟೆಗೆ ಬಂದ ಕೂಲಿಗಳು. ದಲಿತರು, ಮುಸ್ಲಿಮರು ಇವರಲ್ಲಿ ಬಹಳ. ಊರೊಳಗೆ ಬಾಡಿಗೆ ಮನೆ ಕೇಳಿದರೆ ಹೆಸರು ಕೇಳಿ ಇಲ್ಲವೆನ್ನುವವರಿರುವಾಗ, ಊರ ಹೊರಗೆ ಬಾಂಡ್ ಪೇಪರಿನ ಮೇಲೆ ಗುಂಟೆ ಲೆಕ್ಕದಲ್ಲಿ ಸಿಗುವ ಜಾಗವೇ ಗತಿ. ಚೀಟಿ ಹಣ, ಹೆಂಡತಿಯ ಬಂಗಾರ ಕೊಟ್ಟು ಕೊಂಡ ಆ ಜಾಗಕ್ಕೆ ಖಾತೆಯಿಲ್ಲ. ಖಾತೆಯಿಲ್ಲದಿದ್ದರೆ ಬ್ಯಾಂಕಿನ ಸಾಲವಿಲ್ಲ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಆಳವಾದ ಪಾಯ ಹಾಕುವ ಶಕ್ತಿಯಿಲ್ಲದವರ ಗೋಡೆಗಳು ಎರಡೇ ವರ್ಷದಲ್ಲಿ ಬಾಯಿ ಬಿಡುತ್ತವೆ. ಹಳೆಯ ಬಸಿಗಾಲುವೆಯನ್ನು ಮುಚ್ಚಿ ಪ್ಲಾಟು ಮಾಡಿದ್ದರೆ ನೀರು ಮನೆಯೊಳಗೇ ಬರುತ್ತದೆ. ಇಂಥ ಮನೆಗಳನ್ನು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ಸರ್ಕಾರ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೂ ಬಿ-ಖಾತೆ ಕೊಡುವ ಅಭಿಯಾನ ನಡೆಸಿತು. ತೆರಿಗೆ ಕಟ್ಟಲು ಇದರಿಂದ ದಾರಿಯಾಯಿತು. ಆದರೆ ಬಿ-ಖಾತೆಯ ಕಾಗದ ರಸ್ತೆಯನ್ನು ಅಗಲ ಮಾಡುವುದಿಲ್ಲ, ನುಂಗಿದ ಉದ್ಯಾನವನ್ನು ಕಕ್ಕಿಸುವುದೂ ಇಲ್ಲ.

ಇತ್ತ ಮಾರುವ ರೈತನನ್ನೂ ಅರ್ಥಮಾಡಿಕೊಳ್ಳಬೇಕು. ಎಕರೆಗೆ 30–40 ಚೀಲ ಭತ್ತ ಬಂದರೂ ಗೊಬ್ಬರ, ಔಷಧಿ, ಕೂಲಿ ಕಳೆದು ಉಳಿಯುವುದೆಷ್ಟು? ಜಲಾಶಯದಲ್ಲಿ ಹೂಳು ತುಂಬಿದೆ. 133 ಟಿಎಂಸಿ ಹಿಡಿಯಬೇಕಿದ್ದ ತುಂಗಭದ್ರೆ ಈಗ ಸುಮಾರು 105 ಟಿಎಂಸಿ ಮಾತ್ರ ಹಿಡಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ನೀರು ಹರಿದುಹೋದಾಗ ಈ ಭಾಗದ ರೈತ ಹೇಗೆ ನಿದ್ದೆಗೆಟ್ಟ ಎಂಬುದು ಎಲ್ಲರಿಗೂ ನೆನಪಿದೆ. ಮಗಳ ಮದುವೆ, ತಂದೆಯ ಆಸ್ಪತ್ರೆ, ಬ್ಯಾಂಕಿನ ನೋಟಿಸು ಎದುರಿಗಿರುವಾಗ ಪ್ಲಾಟಿನವರು ತಂದ ಮುಂಗಡದ ಹಣವನ್ನು ಬೇಡವೆನ್ನುವುದು ಹೇಗೆ? ತನ್ನ ಭೂಮಿಯನ್ನು ಮಾರುವ ಹಕ್ಕು ಅವನಿಗಿದೆ. ಅವನಿಗೆ ಉಪದೇಶ ಹೇಳುವ ಹಕ್ಕು ಪೇಟೆಯ ಮನೆಯಲ್ಲಿ ಕುಳಿತ ನಮಗಿಲ್ಲ.

ಆದರೆ ಅವನಿಗೆ ಸಿಗುವುದು ಎಕರೆ ಲೆಕ್ಕದ ಬೆಲೆ. ಎನ್.ಎ. ಆದ ಮರುದಿನ ಅದೇ ಭೂಮಿಗೆ ಚದರ ಅಡಿ ಲೆಕ್ಕದ ಬೆಲೆ. ನಡುವಿನ ಲಾಭ ನಕ್ಷೆಯ ಬಣ್ಣ ಬದಲಾಗುತ್ತದೆಂದು ಮೊದಲೇ ತಿಳಿದವನಿಗೆ ಸೇರುತ್ತದೆ. ಬೈಪಾಸ್ ಎಲ್ಲಿ ಹೋಗುತ್ತದೆ, ರೈಲು ನಿಲ್ದಾಣ ಎಲ್ಲಿ ಬರುತ್ತದೆ ಎಂಬುದು ಉಳುವವನಿಗಿಂತ ಮೊದಲು ದಲ್ಲಾಳಿಗೆ ಗೊತ್ತಿರುತ್ತದೆ. 2024ರಲ್ಲಿ ರೈಲು ಸಿಂಧನೂರಿಗೆ ಬಂತು. ರೈಲಿಗಿಂತ ಎಷ್ಟೋ ವರ್ಷ ಮೊದಲೇ ಪ್ಲಾಟಿನ ಕಲ್ಲುಗಳು ಬಂದಿದ್ದವು. 1950ರ ದಶಕದಲ್ಲಿ ಖುಷ್ಕಿಯ ಬೆಲೆಗೆ ಕೊಟ್ಟು ತರಿಯ ಲಾಭ ಕಳೆದುಕೊಂಡವನ ಮೊಮ್ಮಗ, ಇಂದು ತರಿಯ ಬೆಲೆಗೆ ಕೊಟ್ಟು ಪ್ಲಾಟಿನ ಲಾಭ ಕಳೆದುಕೊಳ್ಳುತ್ತಿದ್ದಾನೆ.

ಮಸ್ಕಿಯ ಎರಡು ಮುಖ

ಮಸ್ಕಿಯಲ್ಲಿ ಈ ಚರಿತ್ರೆಯ ಎರಡು ಮುಖಗಳೂ ಒಟ್ಟಿಗೆ ಕಾಣುತ್ತವೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಇಲ್ಲಿ ಅಶೋಕನ ಶಾಸನವನ್ನು ಗುರುತಿಸಿದ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಅದರಲ್ಲಿ ಇದ್ದುದರಿಂದ ಮಸ್ಕಿ ಜಗತ್ತಿಗೆ ಪರಿಚಯವಾಯಿತು. 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾನೂನಿನ ಪ್ರಕಾರ ಇಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಒಂದು ಬಂಡೆಯನ್ನು ಉಳಿಸಬೇಕೆಂದು ಸರ್ಕಾರ ಮನಸ್ಸು ಮಾಡಿದರೆ ಬೇಲಿ ಹಾಕಬಲ್ಲದು. ಎರಡು ಬೆಳೆ ಕೊಡುವ ಗದ್ದೆಗೆ ಅಂಥ ಬೇಲಿ ಇಲ್ಲ.

2018ರಲ್ಲಿ ಮಸ್ಕಿ ತಾಲೂಕು ಕೇಂದ್ರವಾಯಿತು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲೂಕುಗಳ ಹಳ್ಳಿಗಳನ್ನು ಸೇರಿಸಿ ಈ ಹೊಸ ತಾಲೂಕನ್ನು ಮಾಡಲಾಯಿತು. ತಾಲೂಕೆಂದರೆ ಕಚೇರಿಗಳು, ಕಚೇರಿಗಳೆಂದರೆ ನೌಕರರು, ನೌಕರರೆಂದರೆ ಮನೆಗಳು. ಊರಿನ ಸುತ್ತಲ ಭೂಮಿಗೆ ಬೆಲೆ ಬಂತು. ಅದೇ ತಾಲೂಕಿನ ಪಾಮನಕಲ್ಲೂರಿನಲ್ಲಿ 2020ರ ನವೆಂಬರಿನಲ್ಲಿ ರೈತರು ಧರಣಿ ಕುಳಿತರು. ನಾರಾಯಣಪುರ ಬಲದಂಡೆಯಿಂದ 5ಎ ಕಾಲುವೆ ಮಾಡಿ ನಮ್ಮ ಹೊಲಗಳಿಗೆ ನೀರು ಕೊಡಿ ಎಂಬುದು ಅವರ ಬೇಡಿಕೆ. ಚಳಿ, ಬಿಸಿಲು ನೋಡದೆ ತಿಂಗಳುಗಟ್ಟಲೆ ಕುಳಿತರು. 2021ರ ಏಪ್ರಿಲಿನ ಮಸ್ಕಿ ಉಪಚುನಾವಣೆಯಲ್ಲಿ ಇದೇ ದೊಡ್ಡ ವಿಷಯವಾಯಿತು.

ಒಂದು ಕಡೆ ತಮ್ಮ ಖುಷ್ಕಿಯನ್ನು ತರಿ ಮಾಡಿಕೊಡಿ ಎಂದು ಹಗಲುರಾತ್ರಿ ಕುಳಿತ ಜನ. ಇನ್ನೊಂದು ಕಡೆ ಸಾರ್ವಜನಿಕ ಹಣದಿಂದ ತರಿಯಾದ ಭೂಮಿ ಕಲ್ಲು ನೆಟ್ಟು ಪ್ಲಾಟಾಗುತ್ತಿರುವುದು. ಎರಡೂ ಹತ್ತಿಪ್ಪತ್ತು ಮೈಲಿಗಳ ಒಳಗೆ. ಕಾಲುವೆಗೆ ಹಾಕಿದ ಹಣ ಇಡೀ ರಾಜ್ಯದ್ದು. ಆ ಕಾಲುವೆಯ ಗದ್ದೆ ಪ್ಲಾಟಾದರೆ ಉಳಿದ ನೀರು ತಾನಾಗಿಯೇ ಪಾಮನಕಲ್ಲೂರಿಗೆ ಹರಿಯುವುದಿಲ್ಲ. ಒಂದು ಹೊಲಗಾಲುವೆ ಕಡಿದರೆ ಅದರ ಕೆಳಗಿನ ಹತ್ತು ಗದ್ದೆಗಳೂ ನೀರು ಕಾಣದೆ ಪ್ಲಾಟಿನ ದಾರಿ ಹಿಡಿಯುತ್ತವೆ. ನೆರೆಯವನ ನೀರನ್ನು ತಡೆಯುವುದು ಅನ್ಯಾಯ ಎಂಬುದನ್ನು ಯಾವ ಧರ್ಮದವನಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಪರಿವರ್ತನೆಯ ಅರ್ಜಿಯಲ್ಲಿ ನೆರೆಯವನ ಸಹಿಗೆ ಜಾಗವಿಲ್ಲ.

ಡಂಗುರ ಬೇಕು

ಕಾನೂನು ಈಗ ವೇಗದ ದಾರಿಯಲ್ಲಿದೆ. 1964ರ ಕಾಯ್ದೆಯಲ್ಲಿ ನಾಲ್ಕು ತಿಂಗಳೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತೆಂದು ತಿಳಿಯಬಹುದಿತ್ತು. 2022ರ ತಿದ್ದುಪಡಿ ತಿಂಗಳುಗಳ ಲೆಕ್ಕವನ್ನು ದಿನಗಳಿಗೆ ಇಳಿಸಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾಗಿದೆ. ಕಚೇರಿಗೆ ಅಲೆದಾಡುವುದು ತಪ್ಪಿದ್ದು ಒಳ್ಳೆಯದೇ. ಲಂಚದ ಬಾಗಿಲು ಒಂದಾದರೂ ಮುಚ್ಚಿದರೆ ಯಾರಿಗೆ ಬೇಡ? ಆದರೆ ತೀರ್ಮಾನ ಎಷ್ಟು ಬೇಗ ಆಗುತ್ತದೋ, ಅದರ ಸುದ್ದಿಯೂ ಅಷ್ಟೇ ಬೇಗ ಊರಿಗೆ ಮುಟ್ಟಬೇಕು. ಇಲ್ಲವಾದರೆ ವೇಗದ ಲಾಭವೂ ಮೊದಲು ತಿಳಿದವನಿಗೇ.

ಹಿಂದೆ ಊರಲ್ಲಿ ಕಂದಾಯದ, ಹರಾಜಿನ ಸುದ್ದಿಯಿದ್ದರೆ ಹಲಗೆ ಬಾರಿಸಿ ಡಂಗುರ ಸಾರುತ್ತಿದ್ದರು. ಓದು ಬಾರದವನಿಗೂ ಕೇಳುತ್ತಿತ್ತು. ಇಂದು ಯೋಜನಾ ಪ್ರಾಧಿಕಾರದ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಆಕ್ಷೇಪಣೆ ಇದ್ದರೆ ಇಷ್ಟು ದಿನದೊಳಗೆ ತಿಳಿಸಿರಿ ಎಂಬ ಒಂದು ಸಾಲು. ಸಂಬಂಧಪಟ್ಟವರು ಅದನ್ನು ಓದುವುದಿಲ್ಲ. ಓದುವವರಿಗೆ ಸಂಬಂಧವಿಲ್ಲ.

ಇದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಗಿಲ್ಲ. ಭೂಬಳಕೆ ಬದಲಾವಣೆಯ ಪ್ರತಿ ಪ್ರಕಟಣೆಯನ್ನು ಆ ಊರಿನ ಪಂಚಾಯಿತಿ ಕಟ್ಟೆಯಲ್ಲಿ, ಗ್ರಾಮಸಭೆಯಲ್ಲಿ ಓದಿ ಹೇಳಬಹುದು. ಜುಮ್ಮಾ ನಮಾಜಿನ ನಂತರ ಮಸೀದಿಯ ಅಂಗಳದಲ್ಲಿ, ಸಂಜೆ ಗುಡಿಯ ಕಟ್ಟೆಯಲ್ಲಿ ಯಾರಾದರೂ ಓದಬಲ್ಲ ಹುಡುಗರು ಎರಡು ನಿಮಿಷ ಓದಿ ಹೇಳಬಹುದು. ಪ್ಲಾಟು ಕೊಳ್ಳುವವರು ಮುಂಗಡ ಕೊಡುವ ಮೊದಲು ಪರಿವರ್ತನೆಯ ಆದೇಶ, ಮಂಜೂರಾದ ಬಡಾವಣೆ ನಕ್ಷೆ, ಉದ್ಯಾನದ ಜಾಗ ಬಿಟ್ಟುಕೊಟ್ಟ ಪತ್ರ, ಈ ಮೂರನ್ನೂ ಕೇಳಿ ನೋಡಬೇಕು. ಮಾರುವ ರೈತ ತನ್ನ ಸರ್ವೆ ನಂಬರು ಮಹಾಯೋಜನೆಯಲ್ಲಿ ಯಾವ ಬಣ್ಣದಲ್ಲಿದೆಯೆಂದು ನೋಡದೆ ಕರಾರಿಗೆ ಹೆಬ್ಬೆಟ್ಟು ಒತ್ತಬಾರದು. ಹೊಲಗಾಲುವೆ, ಬಸಿಗಾಲುವೆಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವನ್ನು ಮುಚ್ಚುವ ಬಡಾವಣೆಗೆ ಕೆಳಗಿನ ರೈತರೆಲ್ಲ ಸೇರಿ ಆಕ್ಷೇಪಣೆ ಕೊಡಬೇಕು. ಪಾಲಿಗೆ ಮಾಡುವವನ ಹೆಸರು ಪಹಣಿಯಲ್ಲಿ ಇಲ್ಲದಿದ್ದರೂ ಆಕ್ಷೇಪಣೆಯ ಅರ್ಜಿಯಲ್ಲಿ ಇರಬಹುದು. ಅದಕ್ಕೆ ಪಟ್ಟಾ ಬೇಕಿಲ್ಲ, ಸಹಿ ಸಾಕು.

ನಮ್ಮ ಊರುಗಳು ಬೆಳೆಯಲೇಬೇಕು. 2011ರ ಜನಗಣತಿಯ ಹೊತ್ತಿಗೇ ಸಿಂಧನೂರಿನ ಜನಸಂಖ್ಯೆ 75 ಸಾವಿರ ದಾಟಿತ್ತು. ಆ ಜನಕ್ಕೆ ಮನೆ ಬೇಕು, ಮನೆಗೆ ನೆಲ ಬೇಕು. ಯಾವ ನೆಲ, ಎಷ್ಟು ನೆಲ, ಅದರಲ್ಲಿ ಗಿಡಕ್ಕೆಷ್ಟು, ನೀರಿನ ದಾರಿಗೆಷ್ಟು ಎಂಬುದನ್ನು ಊರೆಲ್ಲ ಕೇಳುವಂತೆ ತೀರ್ಮಾನಿಸಬೇಕು. ಮುಂದಿನ ಸಲ ಪತ್ರಿಕೆಯಲ್ಲಿ ಭೂಬಳಕೆ ಬದಲಾವಣೆಯ ಪ್ರಕಟಣೆ ಕಂಡಾಗ ಪುಟ ಮಗುಚದೆ, ಅದರಲ್ಲಿರುವ ಸರ್ವೆ ನಂಬರು ಯಾರ ಹೊಲದ್ದು, ಅದರ ಪಕ್ಕದಲ್ಲಿ ಯಾರ ನೀರು ಹರಿಯುತ್ತದೆ ಎಂದು ಒಮ್ಮೆ ವಿಚಾರಿಸಿ. ಅವರಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಕ್ಕಿಲ್ಲ.